ಬೆನ್ನೊಳಗಿನ ಅತ್ತೆ

ಏಣಿಗೆ ಬಿಗಿಯಲು ಹೊಸ ಹಗ್ಗ ಬೇಕಿತ್ತು. ಮಸಾಕ ಪೇಟೆಯಲ್ಲಿ ಅದಕ್ಕೆ ಐದು ಸಾವಿರ ಶಿಲ್ಲಿಂಗ್. ಇನ್ನೊಂದು ಮರಕ್ಕೆ ಹಳೆಯದೇ ಸಾಕು ಎಂದುಕೊಂಡು ಲುಬೋವ ಆ ಐದು ಸಾವಿರ ಉಳಿಸಿದ. ಬಟ್ಟೆಗೆಂದು ಮುಟುಬ ಮರದ ತೊಗಟೆ ಸುಲಿಯುತ್ತಿದ್ದಾಗ ಹಗ್ಗ ಹರಿದು, ಬಿದ್ದು ಬೆನ್ನು ಮುರಿಯಿತು. ಉಳಿಸಿದ ಹಣಕ್ಕೆ ಎರಡು ಕಾಲು ಹೋದವು. ಬದಲಿಗೆ ಒಂದು ಗಾಲಿಕುರ್ಚಿ ಬಂತು, ಅದರ ಜೊತೆಗೆ ಉರಿಯೂ ಬಂತು.

ವಿಚಿತ್ರ ಉರಿ ಅದು. ಮುಳ್ಳು ಚುಚ್ಚಿದರೂ ತಿಳಿಯದ ಪಾದ, ಕೆಂಡದ ಮೇಲಿಟ್ಟ ಹಾಗೆ ಸುಡುತ್ತಿತ್ತು. ಮೋಡ ಕಟ್ಟಿದರೆ ಇನ್ನೂ ಹೆಚ್ಚು. ಎರಡು ವರ್ಷದಿಂದ ಅವನು ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಗಡ್ಡ ಬೆಳೆದು, ಕಣ್ಣು ಗುಳಿಬಿದ್ದು, ಮೂವತ್ತೊಂದರ ಗಂಡು ಐವತ್ತರವನ ಹಾಗೆ ಕಾಣುತ್ತಿದ್ದ.

ಮಂಗಳವಾರ ಮಾತ್ರ ಅವನ ಅಂಗಿಗೆ ಇಸ್ತ್ರಿ ಬೀಳುತ್ತಿತ್ತು. ಅವತ್ತು ಬಾಡಿಗೆಯ ಬೋಡಾ ಬೈಕಿನ ಹಿಂದೆ ಕೂತು ನರ್ಸ್ ನಬುಕೇರ ಬರುತ್ತಿದ್ದಳು.

"ಏನು, ಯಾರ ಮನೆ ಹೆಣ್ಣು ಕೇಳೋಕೆ ಹೊರಟಿದೀರಿ?" ಎಂದಳು ಆ ಮಂಗಳವಾರ, ಹೆಲ್ಮೆಟ್ ತೆಗೆಯುತ್ತಾ.

"ಹೊರಡ್ತೀನಿ, ನರ್ಸಮ್ಮ. ಕಾಲು ಬರಲಿ, ತಡೀರಿ."

ಅವಳು ನಗುತ್ತಾ ಬಂದವಳು ಅಷ್ಟಕ್ಕೇ ನಗು ನಿಲ್ಲಿಸಿದಳು. ಕೆನ್ನೆಗೆ ಅಂಟಿದ್ದ ಕೆಂಪು ಧೂಳನ್ನು ಮುಂಗೈಯಿಂದ ಒರೆಸಿಕೊಂಡಳು. ಧೂಳು ಹೋಗಲಿಲ್ಲ, ಕಿವಿಯವರೆಗೂ ಹರಡಿತು. ಲುಬೋವ ಅದನ್ನೇ ನೋಡುತ್ತಿದ್ದ. ಅವಳು ಅವನತ್ತ ತಿರುಗಿದಾಗ ಅಂಗಳದ ಕೋಳಿಯನ್ನು ನೋಡತೊಡಗಿದ.

ಅವನ ಮನಸ್ಸಿನಲ್ಲಿ ಒಂದು ಲೆಕ್ಕವಿತ್ತು. ಎದ್ದು ನಿಂತ ದಿನವೇ ಅವಳನ್ನು ಕೇಳುವುದು, ಅಲ್ಲಿಯವರೆಗೆ ತುಟಿ ಬಿಚ್ಚುವುದಿಲ್ಲ. ಆದರೆ ನಬುಕೇರಳ ಸೋದರತ್ತೆ ಹಾರ್ಡ್‌ವೇರ್ ಅಂಗಡಿಯವನೊಬ್ಬನನ್ನು ನೋಡಿಟ್ಟಿದ್ದಳು. ಹುರುಳಿಕಾಯಿ ಕೊಯ್ಲಿನೊಳಗೆ ಉತ್ತರ ಬೇಕಂತೆ.

"ಹತ್ತಿ ಎಲ್ಲಿಟ್ಟಿದೀರಿ?" ಎಂದು ಅವಳು ಗೂಡಿನ ಮೇಲಿನ ತಗಡಿನ ಡಬ್ಬಿ ತೆಗೆದಳು. ಮುಚ್ಚಳ ಬಿಚ್ಚಿದವಳು ಹಾಗೇ ನಿಂತಳು. ಡಬ್ಬಿಯ ತುಂಬಾ ಮಾತ್ರೆಗಳು. ಮಲಗುವಾಗ ಒಂದು ಎಂದು ವರ್ಷದಿಂದ ಅವಳೇ ತಂದುಕೊಟ್ಟವು.

"ಒಂದನ್ನೂ ನುಂಗಿಲ್ಲ ನೀವು?"

ಲುಬೋವ ಡಬ್ಬಿಗೆ ಕೈ ಚಾಚಿದ. ಅವಳು ಕೊಡಲಿಲ್ಲ.

"ಕೆಟ್ಟ ರಸ್ತೆಯಲ್ಲಿ ಸೊಂಟ ಮುರಕೊಂಡು ತಂದಿದ್ದು ಡಬ್ಬಿ ತುಂಬ್ಸೋಕಾ?"

"ಸಿಟ್ಟಾಗಬೇಡಿ. ನಾವು ತೊಗಟೆ ಬಟ್ಟೆ ಮಾಡೋರು, ನಮಗೆ ಗೊತ್ತು. ತೊಗಟೆ ಸುಲಿದ ಮರಕ್ಕೆ ಬಾಳೆ ಎಲೆ ಸುತ್ತಿ ಬಿಟ್ಟುಬಿಡ್ತೀವಿ. ಒಳಗೆ ಹಾಲು ಒಸರುತ್ತೆ, ಮರ ಒದ್ದಾಡುತ್ತೆ, ಹೊಸ ತೊಗಟೆ ಬರುತ್ತೆ. ನಡುವೆ ಬಿಚ್ಚಿ ಕೈಯಾಡಿಸಿದ್ರೆ ಕೊಳೆತು ಹೋಗುತ್ತೆ. ನನ್ನ ಕಾಲೂ ಚಿಗುರ್ತಾ ಇದೆ, ಅದಕ್ಕೇ ಈ ಉರಿ. ಮಾತ್ರೆ ನುಂಗಿ ಅದನ್ನ ಸಾಯಿಸ್ಲಾ?"

ಅವಳ ಮುಖದ ಸಿಟ್ಟೆಲ್ಲ ಇಳಿದುಹೋಯಿತು. "ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲವಾ?"

"ಕಾಯಿರಿ ಅಂದ್ರು. ಕಾಯ್ತಾ ಇದೀನಿ."

"ಕಣ್ಣು ಮುಚ್ಚಿ," ಎಂದಳು.

ಮುಚ್ಚಿದ. ಅವಳ ಸ್ಕರ್ಟು ಸರಭರ ಎಂದಿತು. ಪಕ್ಕದ ಮನೆಯಲ್ಲಿ ಶೇಂಗಾ ಕುಟ್ಟುವ ಸದ್ದು ಕೇಳುತ್ತಿತ್ತು.

"ಉರಿ ಎಲ್ಲಿದೆ?"

"ಎಡಪಾದದಲ್ಲಿ."

"ಈಗ?"

"ಅಲ್ಲೇ."

"ಕಣ್ಣು ಬಿಡಿ."

ನಬುಕೇರ ನೆಲದ ಮೇಲೆ ಕೂತಿದ್ದಳು. ಅವನ ಎಡಪಾದ ಅವಳ ಮಡಿಲಲ್ಲಿತ್ತು. ಅವಳು ಎರಡೂ ಕೈಯಿಂದ ಅದನ್ನು ಬಿಗಿಯಾಗಿ ಅದುಮಿ ಹಿಡಿದಿದ್ದಳು. ಎಷ್ಟು ಹೊತ್ತಿನಿಂದಲೋ.

ಅವಳ ಕೈ ತನ್ನನ್ನು ಮುಟ್ಟಬೇಕೆಂದು ಎಷ್ಟು ಮಂಗಳವಾರ ಆಸೆಪಟ್ಟಿದ್ದ! ಮುಟ್ಟಿದಾಗ ಅವನಿಗೆ ಗೊತ್ತೇ ಆಗಿರಲಿಲ್ಲ.

"ಪಾದಕ್ಕೆ ನನ್ನ ಕೈ ತಿಳೀಲಿಲ್ಲ. ಮತ್ತೆ ಉರಿ ಹೇಗೆ ತಿಳಿಯುತ್ತೆ? ಉರಿ ಪಾದದಲ್ಲಿಲ್ಲ, ಇಲ್ಲಿದೆ." ಅವಳು ಎದ್ದು ಅವನ ಬೆನ್ನು ಮುಟ್ಟಿದಳು. ಈ ಸಲ ಅವನಿಗೆ ತಿಳಿಯಿತು. "ಬೆನ್ನುಹುರಿ ಕಡಿದ ಜಾಗದ ಮೇಲಿರೋ ನರಗಳಿಗೆ ಕೆಳಗಿನಿಂದ ಸುದ್ದೀನೇ ಬರ್ತಿಲ್ಲ. ಸುದ್ದಿ ಬರದಿದ್ರೆ ನಮ್ಮತ್ತೆ ಏನು ಮಾಡ್ತಾಳೆ?"

"ತಾನೇ ಹುಟ್ಟಿಸ್ತಾಳೆ."

"ಅಷ್ಟೇ! ಪಾದ ಸುಡ್ತಿದೆ, ಬೆಂಕಿ ಬಿತ್ತು ಅಂತ ಕೂಗ್ತಾ ಇರ್ತವೆ. ಸಾಕು ಸುಮ್ಮನಿರೇ ಅಂತ ಗದರೋ ನರಗಳೂ ಅಲ್ಲಿವೆ. ಬಿದ್ದ ಏಟಿಗೆ ಅವುಗಳಲ್ಲಿ ಎಷ್ಟೋ ಸತ್ತು ಹೋದವು. ಮೆದುಳು ಪಾಪ, ಕೂಗಿದ್ದೆಲ್ಲ ನಂಬುತ್ತೆ. ನೋವು ಸುಳ್ಳಲ್ಲ, ಸುದ್ದಿ ಸುಳ್ಳು. ಗದರೋ ಕೆಲಸಾನ ಈ ಮಾತ್ರೆ ಮಾಡುತ್ತೆ." ಅವಳು ಉಸಿರು ಎಳೆದುಕೊಂಡಳು. "ಮರ ಮತ್ತೆ ತೊಗಟೆ ಬೆಳೆಸುತ್ತೆ, ಲುಬೋವ. ಬೆನ್ನುಹುರಿ ಹಾಗೆ ಬೆಳೆಯಲ್ಲ."

ಲುಬೋವ ಬಗ್ಗಿ ತನ್ನ ಎಡಪಾದವನ್ನು ತಾನೇ ಅದುಮಿ ನೋಡಿದ.

"ಎದ್ದು ನಿಂತ ದಿನ ನಿನ್ನ ಹತ್ರ ಒಂದು ಮಾತು ಕೇಳೋಣ ಅಂತಿದ್ದೆ," ಎಂದ ಕೊನೆಗೆ, ಕಣ್ಣೊರೆಸಿಕೊಂಡು.

ನಬುಕೇರ ಮತ್ತೆ ನೆಲದ ಮೇಲೆ ಕಾಲು ಮಡಚಿ ಕೂತಳು. "ನಾನು ಕೂತೇ ಇದೀನಲ್ಲ. ಕೂತು ಕೇಳಿದ್ರೆ ನನಗೇನು ಕಿವಿ ಕೇಳಲ್ವಾ?"

ಅವನು ಕೇಳಿದ.

"ಮಾತ್ರೆ ನುಂಗದ ಗಂಡಿಗೆ ನಾನು ಉತ್ತರ ಕೊಡಲ್ಲ. ಹಳೇದು ಬಿಸಾಕ್ತೀನಿ, ಹೊಸದು ತಂದಿದೀನಿ," ಎಂದು ಅವಳು ಡಬ್ಬಿ ಕಂಕುಳಲ್ಲಿಟ್ಟುಕೊಂಡು ಹೊರಟಳು. ಬೈಕು ಹತ್ತುವಾಗ ತಿರುಗಿ ನೋಡಿದಳು. ಧೂಳಿನ ಕೆನ್ನೆಯಲ್ಲಿ ಎರಡು ಗೆರೆ ತೊಳೆದುಹೋಗಿದ್ದವು.

ಅದೇ ವಾರ ಸುದ್ದಿ ಕೇಳಿ ಸೋದರತ್ತೆ ನಬುಕೇರಳನ್ನೂ ಕರೆದುಕೊಂಡು ಬಂದಳು. ಗಾಲಿಕುರ್ಚಿಯನ್ನು ಸುತ್ತಿ ನೋಡಿದಳು, ಗಡ್ಡ ನೋಡಿದಳು, ಗುಳಿಬಿದ್ದ ಕಣ್ಣು ನೋಡಿದಳು.

"ನೀನು ಕೆಟ್ಟವನು ಅಂತ ನಾನು ಹೇಳಲ್ಲಪ್ಪ. ಆದರೆ ಹೆಣ್ಣು ಕೇಳೋ ದಿನ ನಲವತ್ತು ಗಂಡಸರ ನಡುವೆ ಮದುಮಗನನ್ನ ಹುಡುಕಿ ತೆಗೆಯೋದು ಅತ್ತೆ ಹಕ್ಕು. ಊರೆಲ್ಲ ಅದನ್ನೇ ನೋಡೋಕೆ ಬರುತ್ತೆ. ಗಾಲಿಕುರ್ಚಿ ಫಳಫಳ ಹೊಳೀತಿದ್ರೆ ನಾನೇನು ಹುಡುಕ್ಲಿ, ನನ್ನ ತಲೆ?"

"ಮೂರು ಸುತ್ತು ಹಾಕಿದ ಮೇಲೂ ನಾನು ಸಿಗದಿದ್ರೆ?"

"ಸಿಗದೆ ಎಲ್ಲಿಗೆ ಹೋಗ್ತೀಯ, ಓಡಿ ಹೋಗ್ತೀಯಾ?"

"ಪಂದ್ಯ ಕಟ್ಟಿ, ಅತ್ತೆ. ಸಿಕ್ಕಿಬಿದ್ರೆ ಹಾರ್ಡ್‌ವೇರ್ ಅಂಗಡಿಯವನಿಗೆ ಕೊಡಿ. ಸಿಗದಿದ್ರೆ ನಬುಕೇರ ನನಗೆ."

"ಕುರಿ ಮೇಲೆ ಪಂದ್ಯ ಕಟ್ಟಿದ ಹಾಗೆ ಕಟ್ತಿದಾನೆ ನೋಡು," ಎಂದು ಅತ್ತೆ ಸೋದರಸೊಸೆಯತ್ತ ತಿರುಗಿದಳು.

"ಕಟ್ಟಿ, ಅತ್ತೆ," ಎಂದಳು ನಬುಕೇರ. "ನನಗೆ ಒಪ್ಪಿಗೆ."

ಪಂದ್ಯ ಎಂದರೆ ಅತ್ತೆಗೆ ಊಟಕ್ಕಿಂತ ಇಷ್ಟ. ಆಗಲಿ ಎಂದಳು.

ಮಾತ್ರೆ ಶುರು ಮಾಡಿದ ಮೂರನೆಯ ವಾರ ಲುಬೋವ ಐದು ತಾಸು ನಿದ್ದೆ ಮಾಡಿದ. ಉರಿ ಆರಲಿಲ್ಲ. ಕಾಡ್ಗಿಚ್ಚಿನಷ್ಟಿದ್ದದ್ದು ಒಲೆಯಷ್ಟಾಯಿತು. ಕೊಡತಿ ಹಿಡಿದು ಕೂತು ತೊಗಟೆ ಬಡಿಯುವಾಗ ಇನ್ನೂ ಚಿಕ್ಕದಾಗುತ್ತಿತ್ತು, ಮೆದುಳಿಗೆ ಕೇಳಲು ಬೇರೆ ಸುದ್ದಿ ಸಿಕ್ಕ ಹಾಗೆ. ಈ ಕೆಲಸ ಯಾವತ್ತಿದ್ದರೂ ಕೂತು ಮಾಡುವಂಥದ್ದೇ. ಮರ ಹತ್ತಲು ತಮ್ಮಂದಿರಿದ್ದರು. ನಾಲ್ಕು ತಿಂಗಳಲ್ಲಿ ಅವನು ಇಡೀ ಚಪ್ಪರಕ್ಕೆ ಹಾಸುವಷ್ಟು ಬಟ್ಟೆ ಬಡಿದ.

ಹೆಣ್ಣು ಕೇಳುವ ದಿನ ನಬುಕೇರಳ ಅಂಗಳದಲ್ಲಿ ಬಾಡಿಗೆ ಕುರ್ಚಿಗಳೆಲ್ಲ ಖಾಲಿ ಇದ್ದವು. ಗಂಡಿನ ಕಡೆಯ ನಲವತ್ತು ಜನ ಒಂದೇ ಬಗೆಯ ಬಿಳಿ ನಿಲುವಂಗಿ ತೊಟ್ಟು, ಕೆಮ್ಮಣ್ಣು ಬಣ್ಣದ ತೊಗಟೆ ಬಟ್ಟೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಎಲ್ಲರ ಕಾಲೂ ನಿಲುವಂಗಿಯ ಅಡಿಯಲ್ಲಿದ್ದವು.

ಅತ್ತೆ ಸೊಂಟ ಕುಣಿಸುತ್ತಾ ಬಂದಳು. ಮೊದಲ ಸುತ್ತಿನಲ್ಲಿ ನಗುತ್ತಿದ್ದಳು. ಎರಡನೆಯದರಲ್ಲಿ ನಗು ಮಾಯವಾಯಿತು. ಮೂರನೆಯದರಲ್ಲಿ ಒಬ್ಬೊಬ್ಬರ ಮುಖಕ್ಕೂ ಬಗ್ಗಿ ನೋಡಿದಳು. ಲುಬೋವನ ಮುಖವನ್ನೂ ನೋಡಿದಳು, ನೋಡಿ ದಾಟಿದಳು! ಅವಳು ಹುಡುಕುತ್ತಿದ್ದದ್ದು ಗಡ್ಡದ, ನೋವು ತಿಂದ ಮುಖವನ್ನು. ಅಲ್ಲಿ ಕೂತಿದ್ದವನು ಗಡ್ಡ ಬೋಳಿಸಿ, ಕೆನ್ನೆ ತುಂಬಿ, ನಗು ತಡೆಯಲಾರದೆ ತುಟಿ ಕಚ್ಚಿಕೊಂಡಿದ್ದ.

ಸುತ್ತು ಮುಗಿಸಿ ಅತ್ತೆ ಅಂಗಳದ ನಡುವೆ ಸೋತು ನಿಂತಳು.

"ಅತ್ತೇ," ಎಂದು ಕೂಗಿದ ಅವನು. "ಇಲ್ಲಿದೀನಿ!"

ಚಪ್ಪರ ಹಾರಿಹೋಗುವಂತೆ ಹೆಂಗಸರು ಉಲುಲು ಎಂದು ಹರ್ಷದಿಂದ ಕೂಗಿದರು. ಅತ್ತೆ ಬಂದು ಅವನ ಪಕ್ಕದಲ್ಲೇ ಕುಸಿದು ಕೂತು, ಮದುಮಗನ ಗುರುತಿಗೆ ನಿಲುವಂಗಿಗೆ ಹೂ ಸಿಕ್ಕಿಸಿ, "ಕಳ್ಳ, ಆ ಮುಖ ಎಲ್ಲಿ ಬಚ್ಚಿಟ್ಟೆ?" ಎಂದಳು. ಬಾಗಿಲಲ್ಲಿ ನಬುಕೇರ ಒಂದೇ ಸಮ ಅಳುತ್ತಿದ್ದಳು, ನಗುತ್ತಿದ್ದಳು.

ಲುಬೋವ ಮತ್ತೆ ನಡೆಯಲಿಲ್ಲ. ಮೋಡ ಕಟ್ಟಿದ ದಿನ ಬೆನ್ನೊಳಗಿನ ಅತ್ತೆ ಈಗಲೂ ಕೂಗುತ್ತಾಳೆ. ಕಾಲು ಚಿಗುರುತ್ತದೆ ಎಂಬ ಆಸೆಯನ್ನು ಅವನು ಕಳೆದುಕೊಂಡ. ರಾತ್ರಿಯ ನಿದ್ದೆ ಸಿಕ್ಕಿತು, ನಬುಕೇರ ಸಿಕ್ಕಳು.