ಜಿಲೇಬಿಯ ಊಟ

"ಅಜ್ಜೀ! ಟ್ಯಾಂಕಿಗೆ ಇದೆಂತ ಹಾಕಿದ್ದು?"

ಅಪೇಕ್ಷಾಳ ಕೂಗಿಗೆ ಅಜ್ಜಿ ಅಡುಗೆಮನೆಯಿಂದ ಓಡಿ ಬಂದರು. ಗಾಜಿನ ಟ್ಯಾಂಕಿನ ನೀರು ಬೆಳ್ಳಗಾಗಿತ್ತು. ಅದರಲ್ಲಿ ಅನ್ನದ ಅಗುಳುಗಳು ತೇಲುತ್ತಿದ್ದವು. ಮೂಲೆಯ ಕಲ್ಲಿನ ಮೇಲೆ ಜಿಲೇಬಿ ಮುದುಡಿ ಕೂತಿತ್ತು.

"ಎಂತ ಇಲ್ಲ ಮಗಾ, ಚೂರು ಮೊಸರನ್ನ. ಪಾಪ, ಎರಡು ದಿನದಿಂದ ಉಪವಾಸ ಅಲ್ವಾ? ಉಪ್ಪು ಸಹ ಹಾಕಲಿಲ್ಲ ನಾನು."

"ಅದು ನ್ಯೂಟ್ ಅಜ್ಜಿ! ನ್ಯೂಟ್ ಮೊಸರನ್ನ ತಿನ್ನೋದಿಲ್ಲ!"

ಜಿಲೇಬಿ ಮೇಲಿನ ಮನೆಯ ಕಶ್ಯಪನದು. ನೋಡಲು ಪುಟ್ಟ ಹಲ್ಲಿಯಂತಿದ್ದರೂ ನೀರಿನಲ್ಲಿರುವ ಪ್ರಾಣಿ. ಬೆನ್ನೆಲ್ಲ ಕಪ್ಪು, ಹೊಟ್ಟೆ ಮಾತ್ರ ಜಿಲೇಬಿ ಬಣ್ಣ. ರಜೆಗೆ ಊರಿಗೆ ಹೊರಟಾಗ ಕಶ್ಯಪ ಟ್ಯಾಂಕಿನ ಜೊತೆ ಅದರ ಊಟಕ್ಕೆಂದು ಒಂದು ಡಬ್ಬಿ ಹುಳವನ್ನೂ ತಂದುಕೊಟ್ಟಿದ್ದ. "ಹುಳ ಫ್ರೀಜರಲ್ಲಿಡು. ಜಿಲೇಬಿಗೆ ಏನಾದ್ರೂ ಆದ್ರೆ ನಿನ್ನ ಜೊತೆ ಮಾತೇ ಬಿಡ್ತೇನೆ ನೋಡು" ಎಂದಿದ್ದ.

"ಟೆನ್ಶನ್ ಮತ್ ಲೇ ಯಾರ್, ನಾನಿದ್ದೇನಲ್ಲ!" ಎಂದಿದ್ದಳು ಅಪೇಕ್ಷಾ, ದೊಡ್ಡ ಜಂಬದಲ್ಲಿ.

ಆದರೆ ದೇವರ ನೈವೇದ್ಯದ ಹಾಲಿಡುವ ಫ್ರಿಜ್ಜಿನಲ್ಲಿ ಹುಳವೇ? ಶಿವ ಶಿವಾ! ಅಜ್ಜಿ ಬಾಗಿಲಿಗೇ ಅಡ್ಡ ನಿಂತುಬಿಟ್ಟರು. ಡಬ್ಬಿ ಬಾಲ್ಕನಿಯಲ್ಲಿ ಉಳಿಯಿತು. ಠಾಣೆ ನಗರದ ಮೇ ತಿಂಗಳ ಸೆಕೆಗೆ ಸಂಜೆಯೊಳಗೆ ಗಬ್ಬೆದ್ದು ಕಸದ ಬುಟ್ಟಿ ಸೇರಿತು. ಹೊಸ ಡಬ್ಬಿ ಬೇಕೆಂದರೆ ವಾಶಿಯ ಅಂಗಡಿಗೆ ಹೋಗಬೇಕು. ಪಪ್ಪನಿಗೆ ನೌಪಾಡಾದ ಹೋಟೆಲ್ ಬಿಟ್ಟು ಹೊರಡಲು ಭಾನುವಾರವೇ ಆಗಬೇಕು.

ಅಲ್ಲಿಯವರೆಗೆ ಜಿಲೇಬಿ ಬದುಕಬೇಕಲ್ಲ! ಅಪೇಕ್ಷಾಳಿಗೆ ಅಳು ಬಂತು. ಆದರೆ ಅಳುತ್ತಾ ಕೂರುವ ಪೈಕಿ ಅವಳಲ್ಲ. ಜಿಲೇಬಿಯನ್ನು ಮೆಲ್ಲಗೆ ಮಗ್ಗಿಗೆ ಇಳಿಸಿದಳು. ಟ್ಯಾಂಕನ್ನು ತಿಕ್ಕಿ ತೊಳೆದು, ಕ್ಲೋರಿನ್ ಹೋಗಲೆಂದು ನಿನ್ನೆಯೇ ತುಂಬಿಸಿಟ್ಟಿದ್ದ ಬಾಲ್ದಿಯ ನೀರು ಹಾಕಿ, ಜಿಲೇಬಿಯನ್ನು ಮತ್ತೆ ಒಳಗೆ ಬಿಟ್ಟಳು. ಆಮೇಲೆ ಕಶ್ಯಪನಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಸಣ್ಣ ಎರೆಹುಳ ಆದ್ರೂ ಆಗ್ತದೆ. ಮಣ್ಣಲ್ಲಿ ಹುಡುಕು, ಪ್ಲೀಸ್" ಎಂದ ಕಶ್ಯಪ. ಬಯ್ಯಲೇ ಇಲ್ಲ. ಬಯ್ದಿದ್ದರೇ ಎಷ್ಟೋ ವಾಸಿಯಿತ್ತು.

ಅಪೇಕ್ಷಾ ಸ್ಟೀಲ್ ಚಮಚ ಹಿಡಿದು ಬಿಲ್ಡಿಂಗ್ ಸೊಸೈಟಿಯ ಗಾರ್ಡನ್ನಿಗೆ ಇಳಿದಳು. ಮಣ್ಣು ಒಣಗಿ ಗಟ್ಟಿಯಾಗಿತ್ತು. ಗೇಟಿನ ಹತ್ತಿರ ಅಗೆದಳು, ಪಂಪಿನ ಹತ್ತಿರ ಅಗೆದಳು. ಎಲ್ಲಿ ನೋಡಿದರೂ ಬರೀ ಇರುವೆ. ಚಮಚ ಬಗ್ಗಿ ಹೋಯಿತು. ಇನ್ನೊಂದು ಚಮಚಕ್ಕೆಂದು ಮತ್ತೆ ಮೇಲೆ ಬಂದಳು.

ಅಜ್ಜಿ ಅವಳ ಕೆಂಪಾದ ಅಂಗೈ ನೋಡಿದರು.

"ಅನ್ನ ತಿನ್ನುವುದೇ ಇಲ್ವಾ ಅದು? ಒಂದಗುಳೂ?"

"ಇಲ್ಲ ಅಜ್ಜಿ. ಅದರ ಊಟವೇ ಹುಳ."

"ಒಂದು ಜೀವವನ್ನೇ ತಿನ್ನಬೇಕಾ ಅದು?"

"ಹ್ಞೂಂ. ಇಲ್ಲದಿದ್ರೆ ಇದರ ಜೀವ ಹೋಗ್ತದೆ."

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಲ್ಕನಿಗೆ ನಡೆದರು. ದಿನಾ ಅಕ್ಕಿ ತೊಳೆದ ನೀರು ಹೊಯ್ಯುವ ಕರಿಬೇವಿನ ಕುಂಡವನ್ನು ಎರಡೂ ಕೈಯಲ್ಲಿ ಓರೆ ಮಾಡಿ ಹಿಡಿದರು.

"ಅಡಿಯಲ್ಲಿ ಇರ್ತದೆ. ಬೇಗ ತೆಗಿ ಮಾರಾಯ್ತಿ. ನಾನು ನೋಡುವುದಿಲ್ಲ" ಎಂದು ಮುಖ ಆಚೆ ತಿರುಗಿಸಿದರು.

ಕುಂಡದಡಿಯ ಒದ್ದೆ ಮಣ್ಣಿನಲ್ಲಿ ಸಣ್ಣ ಎರೆಹುಳವೊಂದು ಮಿಸುಕಾಡಿತು. ಎತ್ತಿದಾಗ ತಣ್ಣಗೆ ಬೆರಳಿಗೆ ಸುತ್ತಿಕೊಂಡಿತು. ಸಿಕ್ಕಿದರೆ ಕುಣಿಯಬೇಕು ಎಂದುಕೊಂಡಿದ್ದ ಅಪೇಕ್ಷಾಳಿಗೆ ಈಗ ಪಾಪ ಅನ್ನಿಸಿತು. ಆದರೂ ಕೈ ಹಿಂದೆ ತೆಗೆಯಲಿಲ್ಲ. ಒಳಗೆ ಹೋಗಿ ಹುಳವನ್ನು ತೊಳೆದು ಟ್ಯಾಂಕಿಗೆ ಬಿಟ್ಟಳು.

ಜಿಲೇಬಿ ತಲೆ ಹೊರಳಿಸಿತು. ಒಂದೊಂದೇ ಕಾಲು ಎತ್ತಿಟ್ಟು ಬಂತು. ಗಬಕ್ಕನೆ ಹಿಡಿಯಿತು.

"ತಿಂತಾ?" ಬಾಲ್ಕನಿಯಿಂದ ಅಜ್ಜಿ ಕೇಳಿದರು.

"ತಿಂತು ಅಜ್ಜಿ."

"ಹೊಟ್ಟೆ ತುಂಬಿತಂತಾ? ಇನ್ನೊಂದು ಬೇಕಾ ನೋಡು."

ಅಪೇಕ್ಷಾ ತಿರುಗಿ ನೋಡಿದಳು. ಅಜ್ಜಿಯ ಮುಖ ಇನ್ನೂ ಆಚೆಯೇ ಇತ್ತು. ಕುಂಡದ ಭಾರಕ್ಕೆ ಒಂದು ಬದಿಗೆ ವಾಲಿ ನಿಂತಿದ್ದರು. ಆದರೂ ಅದನ್ನು ಕೆಳಗಿಟ್ಟಿರಲಿಲ್ಲ.

ಅವಳು ಓಡಿಹೋಗಿ ಇನ್ನೊಂದು ಬದಿಯಿಂದ ಕುಂಡಕ್ಕೆ ಕೈ ಕೊಟ್ಟಳು.