ಯಾರೂ ಹಾಕದ ಅರ್ಜಿ

ಅಜ್ಜ, ಅಪ್ಪ, ಅಣ್ಣ ಫಾದ್ರಿಕೆ, ಮೂವರೂ ಮನೆತನದ ಮಾರ್ಕ್ವಿಸ್ ಎಂಬ ಸರದಾರ ಪದವಿ ತಂತಮಗೆ ಸಿಕ್ಕ ವರ್ಷದೊಳಗೇ ಸ್ಪೇನಿನ ತ್ರುಹಿಯೋ ಊರಿನ ನಮ್ಮ ಮನೆಯ ಬಾವಿಯಲ್ಲಿ ಹೆಣವಾಗಿ ಸಿಕ್ಕರು. ಉಳಿದವಳು ನಾನೊಬ್ಬಳೇ. ಪದವಿಯಲ್ಲಿದ್ದವರು ಸತ್ತ ವರ್ಷದೊಳಗೆ ವಾರಸುದಾರರು ಮ್ಯಾಡ್ರಿಡ್‌ಗೆ ಅರ್ಜಿ ಹಾಕದಿದ್ದರೆ ಹಕ್ಕು ತಪ್ಪುತ್ತದೆ.

"ಹಾಕ್ಲೇಬೇಡಿ ಅಮ್ಮಾವ್ರೇ," ಅಂದಳು ಅಡುಗೆಯ ಯುಫ್ರಾಸಿಯಾ. "ಈ ಹಾಳು ಪದವಿ ನಿಮ್ಮಣ್ಣನ ಜೊತೆಗೇ ಮಣ್ಣಾಗ್ಲಿ."

ನಾನು ಹಾಕಲಿಲ್ಲ. ಆದರೂ ಆಗಸ್ಟಿನ ಸುಡುಬಿಸಿಲಲ್ಲೂ ಪೆಟ್ಟಿಗೆಯೊಳಗಿನ ಅಣ್ಣನ ಮುದ್ರೆಯುಂಗುರ ತಣ್ಣಗೆ, ಒದ್ದೆಯಾಗಿರುತ್ತಿತ್ತು. ದಿನಾ ಒರೆಸಿಡುತ್ತಿದ್ದೆ.

ಗಡುವು ಮುಗಿದ ಮಧ್ಯಾಹ್ನ ಮಂಜೂರಾತಿ ಪತ್ರ ಬಂತು. ಜೊತೆಗಿದ್ದ ಅರ್ಜಿಯಲ್ಲಿ ನನ್ನದೇ ಸಹಿಯಿತ್ತು. ಕಾಗದ ಒದ್ದೆಯಾಗಿತ್ತು.

"ನೀವೇ ಹಾಕಿದ್ರಾ?" ಯುಫ್ರಾಸಿಯಾ ಕೇಳಿದಳು.

ನಾನು ಕಾಗದವನ್ನು ಮತ್ತೊಮ್ಮೆ ಓದಿದೆ. ಅರ್ಜಿಯಲ್ಲಿ ಪದವಿ ಕೇಳಿದ್ದು ನನಗಲ್ಲ, ನನ್ನ ಮಗನಿಗೆ. ನಾನು ಎರಡು ತಿಂಗಳ ಬಸುರಿ ಅನ್ನುವುದನ್ನು ಯಾರಿಗೂ ಹೇಳಿರಲಿಲ್ಲ.