ತಿರುಗಿಸಲು ಮರೆತ ಬಿಲ್ಲೆ

ಕೈಹಿಡಿದು ದೋಣಿಯೊಳಗೆ ಎಳೆದುಕೊಂಡವನ ಮುಖ ನೋಡಿದ್ದೇ ಅವಳ ಹೆಜ್ಜೆ ತಪ್ಪಿತು.

ಅವನೇ...

ಎರಡು ವರ್ಷದ ಹಿಂದೆ ಒಂದು ಮಾತೂ ಹೇಳದೆ ಹೊರಟುಹೋದವನು. ಈಗ ಈ ದೋಣಿಯ ಚಾಲಕ.

ಅವನೂ ಕೈ ಬಿಡುವುದನ್ನು ಒಂದು ಕ್ಷಣ ಮರೆತ. ಆಮೇಲೆ, "ಹುಷಾರು ಮೇಡಂ, ಜಾರುತ್ತೆ" ಎಂದು ಪಕ್ಕಕ್ಕೆ ಸರಿದ.

ಮೇಡಂ ಅಂತೆ. ಒಂದು ಕಾಲದಲ್ಲಿ 'ಗುಬ್ಬಿ' ಎಂದಲ್ಲದೆ ಬೇರೇನೂ ಕರೆಯದ ಬಾಯಿ ಅದು.

"ಇವನ ದೋಣಿ ಅಂತ ಯಾಕೆ ಹೇಳ್ಲಿಲ್ಲ ಭಾವ?" ಅಕ್ಕನ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು.

"ನಮ್ಮ ದೋಣಿ ರಿಪೇರಿಗೆ ಹೋಗಿದೆ ಕಣಮ್ಮ. ಸಿಕ್ಕಿದ್ದು ಇದೊಂದೇ." ಭಾವ, ಕಪ್ಪೆಚಿಪ್ಪು ಕೀಳಲು ನೀರಿನಡಿ ಇಳಿಯುವಾಗ ಬೇಕಾದ ಗಾಳಿಯ ಸಿಲಿಂಡರ್‌ಗಳ ಕಡೆ ಮುಖ ತಿರುಗಿಸಿಕೊಂಡ.

ಜಗಳವಾಡಲು ಅವಳಲ್ಲಿ ತ್ರಾಣವಿರಲಿಲ್ಲ. ವಾರವಿಡೀ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಿಸಿಬಿಸಿ ಹೊದಿಕೆಗಳನ್ನು ಮಡಚಿ ಮಡಚಿ ಹೆಗಲು ಬಿದ್ದುಹೋಗಿತ್ತು. ಮನೆಯಲ್ಲಿ ಅಕ್ಕನ ಒತ್ತಾಯ ಬೇರೆ. ಅಕ್ಕನ ಆಫೀಸಿನ ಅಕೌಂಟೆಂಟ್ ಮದುವೆಗೆ ಕೇಳಿದ್ದ. ಒಳ್ಳೆಯವನು. ಇವತ್ತು ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು.

ಹೂಂ ಎಂದೇ ಅವಳು ತೀರ್ಮಾನಿಸಿದ್ದಳು. ಪ್ರೀತಿಯಿಂದಲ್ಲ... ಕಾದು ಕಾದು ಸಾಕಾಗಿತ್ತು, ಅಷ್ಟೇ.

ಆದರೂ ಮನಸ್ಸು ಕೇಳಬೇಕಲ್ಲ. ದೋಣಿ ಹೊರಟ ಮೇಲೆ, ಎಂಜಿನ್ನಿನ ಅಬ್ಬರದ ನಡುವೆಯೇ ಎದ್ದುಹೋಗಿ ಅವನ ಎಡಪಕ್ಕದಲ್ಲಿ ನಿಂತಳು.

"ಆರಾಮಾಗಿದ್ದೀಯಾ?"

ಅವನು ನೀರು ನೋಡುತ್ತಲೇ ಇದ್ದ.

"ನಾನು ಮದುವೆ ಆಗ್ತಿದ್ದೀನಿ."

ಅವನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

ಸರಿ ಬಿಡು... ಉತ್ತರ ಸಿಕ್ಕಿತಲ್ಲ, ಎಂದುಕೊಂಡು ಅವಳು ಮರಳಿ ಬಂದು ಕುಳಿತಳು. ಅಳು ಬರಲಿಲ್ಲ. ಅಳುವುದಕ್ಕೂ ಮೈಯಲ್ಲಿ ಒಂದಿಷ್ಟು ಶಕ್ತಿ ಬೇಕಾಗುತ್ತದೆ.

ಹಳೆಯ ಸರಕು ಹಡಗು ಮುಳುಗಿದ್ದ ಜಾಗ ಬಂತು. ಹಲಗೆಯೊಂದರ ಮೇಲೆ ಬಿಲ್ಲೆಗಳು ತೂಗುತ್ತಿದ್ದವು, ಒಬ್ಬೊಬ್ಬರಿಗೆ ಒಂದೊಂದು. ನೀರಿಗಿಳಿಯುವಾಗ ಕೆಂಪು ಮುಖ ಮುಂದೆ, ಮೇಲೆ ಬಂದಮೇಲೆ ಬಿಳಿ ಮುಖ ಮುಂದೆ. ಕೆಂಪು ಕಂಡರೆ ಮನುಷ್ಯ ಇನ್ನೂ ನೀರಿನಲ್ಲಿದ್ದಾನೆ ಎಂದರ್ಥ. ಅವಳು ತನ್ನದನ್ನು ಕೆಂಪಿಗೆ ತಿರುಗಿಸಿ ಭಾವನ ಹಿಂದೆ ಇಳಿದಳು.

ಕೆಳಗೆ ಹಸಿರು ಮಬ್ಬು. ಒಂದು ಪಕ್ಕಕ್ಕೆ ಒರಗಿದ ಹಡಗಿನ ಮೈತುಂಬ ಕಪ್ಪೆಚಿಪ್ಪುಗಳು ಕಚ್ಚಿಕೊಂಡಿದ್ದವು. ಮೊಂಡು ಚಾಕುವಿನಿಂದ ದೊಡ್ಡವನ್ನಷ್ಟೇ ಎಬ್ಬಿಸಿ ಬಲೆಚೀಲಕ್ಕೆ ಹಾಕಿದಳು, ಮರಿಗಳನ್ನು ಮುಟ್ಟಲಿಲ್ಲ. ಚಾಲಕರ ಕೋಣೆಯ ಮುರಿದ ಕಿಟಕಿ ಕಂಡಿತು. ಎರಡು ವರ್ಷದ ಹಿಂದೆ ಇದೇ ಕಿಟಕಿಯ ಮುಂದೆ ಅವಳೂ ಅವನೂ ಕೈಹಿಡಿದು ತೇಲಿದ್ದರು. ಆ ದಿನವೇ ತಲೆ ಸುತ್ತಿತೆಂದು ಅವಳು ಬೇಗ ಮೇಲೆ ಬಂದು ದೋಣಿಯ ಒಳಕೋಣೆಯಲ್ಲಿ ಮಲಗಿಬಿಟ್ಟಿದ್ದಳು. ಎದ್ದಾಗ ಅವನಿರಲಿಲ್ಲ. 'ಅರ್ಜೆಂಟ್ ಕೆಲಸ ಬಂತಂತೆ, ಬೇರೆ ದೋಣೀಲಿ ಹೋದ' ಎಂದಿದ್ದ ಭಾವ. ಅಲ್ಲಿಂದಾಚೆಗೆ ಫೋನೂ ಇಲ್ಲ, ಸುದ್ದಿಯೂ ಇಲ್ಲ.

ಇವತ್ತು ಮೇಲೆ ಬಂದಾಗಲೂ ಅವಳ ಕೈಕಾಲು ಸೋತಿದ್ದವು. "ನೀನು ಹತ್ತು, ಚೀಲ ನಾನು ತರ್ತೀನಿ" ಎಂದು ಭಾವ ನೀರಿನಲ್ಲೇ ಉಳಿದ. ದೋಣಿಯ ಹಿಂಭಾಗದಲ್ಲಿ ಯಾರೂ ಇರಲಿಲ್ಲ; ಅವನು ಮುಂಭಾಗದಲ್ಲಿ ಬೆನ್ನು ಹಾಕಿ ಲಂಗರಿನ ಹಗ್ಗ ಸರಿಮಾಡುತ್ತಿದ್ದ. ಅವಳು ಸಿಲಿಂಡರ್‌ಗಳ ಹಿಂದೆ ಕಂಬಳಿ ಹೊದ್ದು ಬಿದ್ದುಕೊಂಡಳು. ರೆಪ್ಪೆ ತಾನಾಗಿ ಮುಚ್ಚಿತು.

ಯಾರೋ ಓಡಾಡಿದ ಧಡಧಡ ಸದ್ದಿಗೆ ಕಣ್ಣು ಬಿಟ್ಟಳು.

ಅವನು ಹಲಗೆಯ ಮುಂದೆ ನಿಂತಿದ್ದ. ನೀರಿನಲ್ಲಿ ಭಾವನ ತಲೆ ಒಂದೇ, ಹಲಗೆಯಲ್ಲಿ ಅವಳ ಬಿಲ್ಲೆ ಇನ್ನೂ ಕೆಂಪು. ಅವನು ಅವಸರದಲ್ಲಿ ಸಿಲಿಂಡರ್ ಬೆನ್ನಿಗೇರಿಸುತ್ತಿದ್ದ.

"ನಾನು ಇಲ್ಲೇ ಇದ್ದೀನಿ," ಎಂದಳು ಅವಳು ಅವನ ಎಡಗಡೆಯಿಂದ.

ದೋಣಿಗೆ ಬಡಿಯುವ ಅಲೆಗಳ ಸದ್ದಿನಲ್ಲಿ ಅವನು ತಿರುಗಲಿಲ್ಲ. ಅಂಚಿಗೆ ಕಾಲಿಟ್ಟ.

"ಕೇಳಿಸ್ತಿಲ್ವಾ? ಇಲ್ಲೇ ಇದ್ದೀನಿ!"

ಏಣಿ ಹತ್ತಿದ ಭಾವ ಅವನ ತೋಳು ಹಿಡಿದು ಎಳೆದ. "ನಿಲ್ಲೋ! ಒಂದು ಕಿವಿ ಹೋಗಿದ್ದು ಸಾಲದಾ ನಿನಗೆ? ನೋಡು, ನಿನ್ನ ಎಡಗಡೇನೇ ಇದ್ದಾಳೆ."

ಅವನು ತಿರುಗಿ ನೋಡಿದ. ಹಾಗೇ ಕುಸಿದು ಕುಳಿತ.

"ಕಿವಿ...?" ಅವಳು ಕಂಬಳಿ ಸರಿಸಿ ಎದ್ದಳು.

"ಅಣ್ಣಾ, ನೀನು ಮಾತು ಕೊಟ್ಟಿದ್ದೆ," ಎಂದ ಅವನು.

"ಸಾಕಪ್ಪಾ, ಈ ಗುಟ್ಟು ಹೊತ್ಕೊಂಡು ನನಗೂ ಸುಸ್ತಾಯ್ತು." ಭಾವ ಅವಳತ್ತ ತಿರುಗಿದ. "ಅವತ್ತೂ ನೀನು ಬಿಲ್ಲೆ ತಿರುಗಿಸದೆ ಮಲಗಿದ್ದೆ. ಇವನು ನಿನ್ನ ಹುಡುಕ್ಕೊಂಡು ಆತುರದಲ್ಲಿ ಇಳಿದ, ನೀರಿನ ಒತ್ತಡಕ್ಕೆ ಎಡಗಿವಿಯ ತಮಟೆ ಹರೀತು. ಬೇರೆ ದೋಣೀಲಿ ಹೋಗಿದ್ದು ಆಸ್ಪತ್ರೆಗೆ. ಮತ್ತೆ ನೀರಿಗೆ ಇಳೀಬೇಡ ಅಂದಿದ್ದಾರೆ ಡಾಕ್ಟರು."

ಹಾಗಾದರೆ ಬೆಳಿಗ್ಗೆ ಅವನು ಕೇಳಿಸಿಕೊಂಡೇ ಇರಲಿಲ್ಲ.

ವಾಪಸಾಗುವಾಗ ಭಾವ ಚುಕ್ಕಾಣಿ ಹಿಡಿದ. ಅವಳು ಅವನೆದುರು ಕುಳಿತಳು.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು, ತಪ್ಪು ನನ್ನದು ಅಂತ ಜೀವನಪೂರ್ತಿ ನನ್ನ ಜೊತೆ ಇರ್ತಿದ್ದೆ. ಕರುಣೆಗೆ. ಅದು ನನಗೆ ಬೇಡವಾಗಿತ್ತು."

"ನನಗೇನು ಬೇಕು ಅಂತ ಕೇಳಿದ್ಯಾ?"

ಅವನು ತಲೆ ತಗ್ಗಿಸಿದ. "ಇಲ್ಲ. ತಪ್ಪಾಯ್ತು."

"ನನ್ನದೂ ತಪ್ಪೇ. ಇವತ್ತೂ ಅದನ್ನೇ ಮಾಡ್ದೆ ನೋಡು." ಎದ್ದುಹೋಗಿ ತನ್ನ ಬಿಲ್ಲೆಯನ್ನು ಬಿಳಿಗೆ ತಿರುಗಿಸಿ ಬಂದಳು. ಬಂದವಳು ಅವನ ಎಡಪಕ್ಕದಲ್ಲಿ ಕುಳಿತು, ಆ ಕಿವಿಯ ಹತ್ತಿರ ಬಾಗಿ ಏನನ್ನೋ ಹೇಳಿದಳು.

ಅವನಿಗೆ ತಾಗಿದ್ದು ಬೆಚ್ಚನೆಯ ಉಸಿರು ಮಾತ್ರ. "ಆ ಕಿವಿಗೆ ಕೇಳ್ಸಲ್ಲ ಗುಬ್ಬಿ..."

"ಗೊತ್ತು. ಎರಡು ವರ್ಷದಿಂದ ಹೇಳದೆ ಇಟ್ಟಿದ್ದು, ಒಂದು ಸಲ ಹೇಳಿ ಅಭ್ಯಾಸ ಮಾಡ್ಕೊಂಡೆ."

ಕಣ್ಣೊರೆಸಿಕೊಂಡು ಅವನ ಬಲಕ್ಕೆ ಬಂದು ಕುಳಿತಳು.

"ಈಗ ಕೇಳು. ನೀನಂದ್ರೆ ಇವತ್ತಿಗೂ ನನಗೆ ಅಷ್ಟೇ ಇಷ್ಟ. ಸಂಜೆ ಮನೆಗೆ ಊಟಕ್ಕೆ ಬಾ. ಅಕ್ಕ ಒಂದು ಸಂಬಂಧ ನೋಡಿದ್ದಾಳೆ, ಊಹೂಂ ಅಂತ ಹೇಳ್ಬೇಕು."

ಅವನು ಅವಳ ಕೈಯನ್ನು ಮೆಲ್ಲಗೆ ಹಿಡಿದುಕೊಂಡ.

"ನಿಮ್ಮಕ್ಕ ಬಯ್ಯಲ್ವಾ?"

"ಬೈತಾಳೆ. ಅವಳನ್ನ ನಿನ್ನ ಎಡಗಡೆ ಕೂರಿಸೋಣ," ಎಂದು ಅವಳು ದಣಿದ ತಲೆಯನ್ನು ಅವನ ಹೆಗಲಿಗೆ ಒರಗಿಸಿದಳು. "ಈ ಕಡೆ ನಾನಿರ್ತೀನಿ."